ಬೋಣಿ ಆಗುವ ತನಕ ಕಾಯಬೇಡಿ: ಬಳೇಪೇಟೆಯವರಿಗೊಂದು ಬಹಿರಂಗ ಪತ್ರ

ಬಳೇಪೇಟೆಯ ಅಂಗಡಿ ಯಜಮಾನರಿಗೆ, ಗಲ್ಲಾಪೆಟ್ಟಿಗೆ ನೋಡಿಕೊಳ್ಳುವ ಅಮ್ಮಂದಿರಿಗೆ, ಗುಮಾಸ್ತರಿಗೆ, ಗಾಡಿ ತಳ್ಳುವ ಅಣ್ಣಂದಿರಿಗೆ, ಹೃದಯದ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ಸಿಸ್ಟರ್ ಮಾಡುವ ನಮಸ್ಕಾರಗಳು.

ನಿಮ್ಮ ಸರ್ಕಲ್ಲಿನಿಂದ ವಿಕ್ಟೋರಿಯಾ ಆಸ್ಪತ್ರೆಗೆ ನಡೆದೇ ಹೋಗಬಹುದು. 1900ರಲ್ಲಿ ಬಾಗಿಲು ತೆರೆದ ಆಸ್ಪತ್ರೆ ಅದು. ಇವತ್ತು ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆ ಶುರುವಾದದ್ದೂ ಅದೇ ವಿಕ್ಟೋರಿಯಾ ಆವರಣದಲ್ಲಿ. ಯಾವ ದಿಕ್ಕಿಗೆ ತಿರುಗಿದರೂ ಆಸ್ಪತ್ರೆ ಸಿಗುವ ಊರಿನ ನಟ್ಟನಡುವೆ ನಿಮ್ಮ ಅಂಗಡಿಗಳಿವೆ. ಆದರೂ ಎದೆನೋವೆಂದು ಬಂದವರ ಕೇಸ್‌ಶೀಟಿನಲ್ಲಿ ‘ನೋವು ಯಾವಾಗಿನಿಂದ’ ಎಂಬ ಕಡೆ ನಾವು ಬರೆದುಕೊಳ್ಳುವ ಉತ್ತರ ನೋಡಿದರೆ ಕರುಳು ಹಿಂಡಿದಂತಾಗುತ್ತದೆ. “ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಶುರುವಾಯ್ತು ಸಿಸ್ಟರ್, ಬೋಣಿ ಆಗಲಿ ಅಂತ ಕೂತೆ.” ಬೋಣಿ ಆಗಿರುತ್ತದೆ, ಆಮೇಲೆ ಮದುವೆ ಮನೆಯವರ ದೊಡ್ಡ ವ್ಯಾಪಾರ ಬಂದಿರುತ್ತದೆ, ಊಟದ ಡಬ್ಬಿ ಬಂದಿರುತ್ತದೆ. ನಮ್ಮ ಬಾಗಿಲಿಗೆ ಬರುವಾಗ ಮಧ್ಯಾಹ್ನ ಮೂರು.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಹಾಕಿಸಿಕೊಂಡು, ನೂರು ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಬಂದ ರೈತರ ಹೃದಯ ಉಳಿದಿರುತ್ತದೆ. ಕೂಗಳತೆಯಲ್ಲಿದ್ದ ಅಂಗಡಿಯವರ ಹೃದಯ ಅಷ್ಟರಲ್ಲಿ ಅರ್ಧ ಸೋತಿರುತ್ತದೆ. ಇದಕ್ಕಿಂತ ಕ್ರೂರವಾದ ವಿಪರ್ಯಾಸವನ್ನು ನಾನು ನನ್ನ ಕೆಲಸದಲ್ಲಿ ಕಂಡಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲು ಎದೆಯೊಳಗೆ ನಡೆಯುವುದನ್ನು ಹೇಳುತ್ತೇನೆ, ಆಗ ನಮ್ಮ ಅವಸರ ನಿಮಗೆ ಅರ್ಥವಾಗುತ್ತದೆ. ಹೃದಯ ಎಂದರೆ ಮುಷ್ಟಿ ಗಾತ್ರದ, 300 ಗ್ರಾಂ ಆಸುಪಾಸಿನ ಮಾಂಸ. ಅದರ ಬಲಭಾಗ ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ, ಎಡಭಾಗ ಅಲ್ಲಿಂದ ಆಮ್ಲಜನಕ ತುಂಬಿಕೊಂಡು ಬಂದದ್ದನ್ನು ಮತ್ತೆ ಮೈಗೆ ದೂಡುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್, ದಿನಕ್ಕೆ 1 ಲಕ್ಷ ಬಡಿತ. ಆದರೆ ತನ್ನೊಳಗೆ ಅಷ್ಟೊಂದು ರಕ್ತ ಹರಿದರೂ ಆ ದಪ್ಪ ಮಾಂಸ ಅದರಿಂದ ನೇರವಾಗಿ ಉಣ್ಣಲಾರದು. ಮಹಾಪಧಮನಿ ಹೊರಡುವ ಬುಡದಲ್ಲೇ ಕವಲೊಡೆದು ಹೃದಯದ ಮೈಮೇಲೆ ಹಬ್ಬುವ ಕರೊನರಿ ನಾಳಗಳೇ ಅದಕ್ಕೆ ಅನ್ನ ನೀರು. ಬಡಿಯುವಾಗ ಮಾಂಸ ಬಿಗಿದು ಆ ನಾಳಗಳನ್ನೂ ಅದುಮಿಬಿಡುವುದರಿಂದ, ಎಡಭಾಗಕ್ಕೆ ರಕ್ತ ಮುಖ್ಯವಾಗಿ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಎದೆ ದಡದಡ ಹೊಡೆದುಕೊಂಡಷ್ಟೂ ಆ ಬಿಡುವು ಕಡಿಮೆ, ಹೃದಯಕ್ಕೆ ಊಟವೂ ಕಡಿಮೆ. ಮೆಟೊಪ್ರೊಲಾಲ್‌ನಂಥ ಬಡಿತ ಇಳಿಸುವ ಮಾತ್ರೆ ಏಕೆ ಕೊಡುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ನರ್ಸಿಂಗ್ ಓದುವ ಮಕ್ಕಳು ವಾರ್ಡಿಗೆ ಬಂದಾಗ ಇದನ್ನು ನಾನು ಎರಡೆರಡು ಸಲ ಹೇಳಿಕೊಡುತ್ತೇನೆ.

ನಿಮ್ಮ ಓಣಿಯ ಬಾಯಲ್ಲೇ ಸರಕಿನ ಗಾಡಿಯೊಂದು ಮಗುಚಿಕೊಂಡರೆ ಒಳಗಿನ ಅಂಗಡಿಗಳಿಗೆಲ್ಲ ಏನಾಗುತ್ತದೋ, ಕರೊನರಿ ನಾಳದಲ್ಲಿ ಹೆಪ್ಪು ಕೂತರೆ ಅದರಾಚೆಯ ಮಾಂಸಕ್ಕೂ ಅದೇ ಆಗುತ್ತದೆ. ನಾಳ ಪೂರ್ತಿ ಮುಚ್ಚಿದರೆ ಇಪ್ಪತ್ತು, ಮೂವತ್ತು ನಿಮಿಷಗಳಲ್ಲಿ ಮಾಂಸ ಸಾಯಲು ಶುರು. ಆರು ಗಂಟೆ ಕಳೆಯುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಹನ್ನೆರಡು ಗಂಟೆಯೊಳಗೆ ಬಂದರೂ ಉಪಯೋಗ ಇದೆ, ಆದ್ದರಿಂದ ತಡವಾಯಿತು ಎಂದು ಯಾರೂ ಮನೆಯಲ್ಲೇ ಉಳಿಯಬೇಡಿ. ಆದರೆ ಮೊದಲ ಗಂಟೆಯಲ್ಲಿ ಬಂದವರಿಗೂ ಐದನೆಯ ಗಂಟೆಯಲ್ಲಿ ಬಂದವರಿಗೂ ಇರುವ ವ್ಯತ್ಯಾಸವನ್ನು ಯಾವ ಔಷಧಿಯೂ ಆಮೇಲೆ ತುಂಬಿಕೊಡಲಾರದು. ಸತ್ತ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ. ಕಲೆ ಬಡಿಯುವುದಿಲ್ಲ.

ಬೆಳಗಿನ ಜಾವದಿಂದ ಮಧ್ಯಾಹ್ನದೊಳಗೆ ಹೃದಯಾಘಾತ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಬಹಳ ದಿನಗಳಿಂದ ಗೊತ್ತಿರುವ ಸಂಗತಿ. ಎದ್ದ ಮೇಲೆ ಬಿ.ಪಿ. ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ನೀವು ಶಟರ್ ಎತ್ತಿ, ಕಸ ಹೊಡೆಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮೊದಲ ಗಿರಾಕಿಗೆ ಕಾಯುವ ಹೊತ್ತೂ ಅದೇ. ಬೋಣಿಯಾಗದೆ ಎದ್ದು ಹೋಗಬಾರದು ಎಂಬುದು ನಿಮ್ಮ ಹಿರಿಯರಿಂದ ಬಂದ ನಡಾವಳಿ, ಅದರ ಮೇಲೆ ನನಗೆ ಗೌರವ ಇದೆ. ಆದರೆ ಈ ಒಂದು ವಿಷಯದಲ್ಲಿ ದಯವಿಟ್ಟು ಅದನ್ನು ಮುರಿಯಿರಿ.

ಗ್ಯಾಸು ಎಂದುಕೊಂಡು ಕೂರುವುದು ಎರಡನೆಯ ಶತ್ರು. ಓಮಿನ ಕಾಳು ಅಗಿದು, ಜೀರಿಗೆ ಕಷಾಯ ಕುಡಿದು, ನಿಂಬೆಹಣ್ಣಿನ ಸೋಡಾ ತರಿಸಿ, ಒಂದು ತೇಗು ಬಂದೊಡನೆ ಸಮಾಧಾನ ಪಟ್ಟುಕೊಳ್ಳುತ್ತೀರಿ. ತೇಗು ಬಂದದ್ದರಿಂದ ಹೃದಯ ಸರಿಯಾಗಿದೆ ಎಂದು ಸಾಬೀತಾಗುವುದಿಲ್ಲ. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ಹೊಟ್ಟೆ ತೊಳಸು, ವಾಂತಿ, ಮೇಲುಹೊಟ್ಟೆಯ ಸಂಕಟವೇ ಮುಂದಾಗಿರುವುದುಂಟು. ಎದೆಯ ನಡುವೆ ಹಿಂಡುವ ಅಥವಾ ಭಾರವಾಗುವ ನೋವು, ಅದು ಎಡಗೈಗೋ ಎರಡೂ ಕೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು, ಏದುಸಿರು, ಇವುಗಳಲ್ಲಿ ಯಾವುದಾದರೂ ಹದಿನೈದು ನಿಮಿಷ ದಾಟಿತೋ, ಅದು ಗ್ಯಾಸೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸ ಇಸಿಜಿ ಯಂತ್ರಕ್ಕೆ ಬಿಡಿ. ಸಕ್ಕರೆ ಕಾಯಿಲೆ ಇರುವವರಿಗೂ ವಯಸ್ಸಾದವರಿಗೂ ಹೆಂಗಸರಿಗೂ ನೋವೇ ಇಲ್ಲದೆ ಬರೀ ಸುಸ್ತು ಮತ್ತು ದಮ್ಮಾಗಿ ಕಾಣಿಸಿಕೊಳ್ಳಬಹುದು. ನನಗೇನು ವಯಸ್ಸು ಎಂದೂ ಲೆಕ್ಕ ಹಾಕಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದೆ ಕೆನಡಾದಲ್ಲಿದ್ದುಕೊಂಡು 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತ ನಮ್ಮ ದಕ್ಷಿಣ ಏಷ್ಯಾದ ಜನಕ್ಕೆ ಸುಮಾರು 53ನೇ ವಯಸ್ಸಿಗೆ, ಬೇರೆ ದೇಶಗಳವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂಬುದು ಅದರ ಅಂಕಿಗಳಿಂದಲೇ ಗೊತ್ತಾದದ್ದು. ಮಗಳ ಮದುವೆಗೆ ಚೀಟಿ ಕಟ್ಟುತ್ತಿರುವ ವಯಸ್ಸು ಅದು.

108ಕ್ಕೆ ಫೋನ್ ಮಾಡಿ. ಆ ಸೇವೆ ಕರ್ನಾಟಕದಲ್ಲಿ 2008ರಿಂದ ಇದೆ. ನಿಮ್ಮ ಓಣಿಗಳಿಗೆ ಗಾಡಿ ನುಗ್ಗುವುದು ಕಷ್ಟ ಎಂದು ನನಗೂ ಗೊತ್ತು. ಒಬ್ಬ ಹುಡುಗನನ್ನು ಸರ್ಕಲ್ಲಿಗೆ ಓಡಿಸಿ ನಿಲ್ಲಿಸಿ, ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಮುಖ್ಯರಸ್ತೆಗೆ ತನ್ನಿ. ಮೆಟ್ಟಿಲು ಹತ್ತಿ ಇಳಿಸಬೇಡಿ, ನಡೆಸಬೇಡಿ. ಆಂಬುಲೆನ್ಸ್ ತಡವಾದರೆ ಆಟೋದಲ್ಲಿ ಜೊತೆಗೊಬ್ಬರು ಕೂತು ಬನ್ನಿ. ತಾವೇ ಸ್ಕೂಟರ್ ಓಡಿಸಿಕೊಂಡು ಬಂದು ಗೇಟಿನಲ್ಲಿ ಕುಸಿದವರನ್ನು ಎತ್ತಿ ಹಾಕಿದ್ದೇವೆ.

ಒಳಗೆ ಬಂದ ಮೇಲೆ ನಾವು ಮಾಡುವುದನ್ನೂ ತಿಳಿದುಕೊಳ್ಳಿ, ಗಾಬರಿ ಕಡಿಮೆಯಾಗುತ್ತದೆ. ಹತ್ತು ನಿಮಿಷದೊಳಗೆ ಇಸಿಜಿ. ಹತ್ತು ತಂತಿ ಅಂಟಿಸಿ ಹೃದಯದ ವಿದ್ಯುತ್ತನ್ನು ಹನ್ನೆರಡು ಕಡೆಯಿಂದ ಬರೆಸಿಕೊಳ್ಳುತ್ತೇವೆ. ಮೊದಲನೆಯದು ಸರಿಯಿದ್ದರೂ ನೋವು ಇದ್ದರೆ ಮತ್ತೆ ತೆಗೆಯುತ್ತೇವೆ, “ದುಡ್ಡಿಗಾಗಿ ಎರಡು ಸಲ” ಎಂದು ಸಿಟ್ಟಾಗಬೇಡಿ. ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಲು ಹೇಳುತ್ತೇವೆ, ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ ಎಂದು. ಕೈಯಲ್ಲಿ ಸೂಜಿ, ಟ್ರೊಪೊನಿನ್ ಪರೀಕ್ಷೆಗೆ ರಕ್ತ. ಆಮೇಲೆ ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಗೆ ಓಟ. ಅದು ಬೇಗ ಆಗದ ಕಡೆ ಹೆಪ್ಪು ಕರಗಿಸುವ ಇಂಜೆಕ್ಷನ್. ಟೆನೆಕ್ಟಿಪ್ಲೇಸ್ ಆದರೆ ರೋಗಿಯ ತೂಕಕ್ಕೆ ತಕ್ಕಂತೆ ಅಳೆದು ಒಂದೇ ಸಲಕ್ಕೆ ರಕ್ತನಾಳಕ್ಕೆ ಕೊಡುತ್ತೇವೆ. ಹೊರಗೆ ಸಾವಿರಾರು ರೂಪಾಯಿ ಬೆಲೆಬಾಳುವ ಆ ಇಂಜೆಕ್ಷನ್ ಅನ್ನು, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಿದ್ದಾರೆ. ಅದು ಹೆಪ್ಪು ಎಲ್ಲಿದ್ದರೂ ಕರಗಿಸುವ ಔಷಧಿ, ಆದ್ದರಿಂದಲೇ ಕೊಡುವ ಮುಂಚೆ ಹಿಂದೆ ಪಾರ್ಶ್ವವಾಯು ಆಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ಮಲದಲ್ಲಿ ರಕ್ತ ಹೋಗುತ್ತಿದೆಯೇ ಎಂದು ಒಂದೇ ಉಸಿರಿಗೆ ಕೇಳುತ್ತೇವೆ. ಮುಚ್ಚಿಡದೆ ಹೇಳಿ.

ಗಂಡಸರಿಗೆ ಇನ್ನೊಂದು ಪ್ರಶ್ನೆ ಇರುತ್ತದೆ. ದಾಂಪತ್ಯ ಸುಖಕ್ಕೆಂದು ಸಿಲ್ಡೆನಾಫಿಲ್ ಜಾತಿಯ ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ ಎಂದು. ಹೆಣ್ಣುಮಗಳೊಬ್ಬಳು ಕೇಳುತ್ತಿದ್ದಾಳೆ ಎಂದು ನಾಚಿಕೊಂಡು ಇಲ್ಲ ಎನ್ನಬೇಡಿ. ಅದನ್ನು ನುಂಗಿದ್ದ ಮೈಗೆ ನಾಲಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಬಿದ್ದರೆ ಬಿ.ಪಿ. ಪಾತಾಳಕ್ಕೆ ಇಳಿಯುತ್ತದೆ. ಇದೇ ಕಾರಣಕ್ಕೆ, ಪಕ್ಕದಂಗಡಿಯವರ ಜೇಬಿನಿಂದ ಸಾರ್ಬಿಟ್ರೇಟ್ ಇಸಿದುಕೊಂಡು ಇನ್ನೊಬ್ಬರ ನಾಲಗೆ ಕೆಳಗಿಡುವುದನ್ನೂ ನಿಲ್ಲಿಸಿ. ಅದು ವೈದ್ಯರು ಬರೆದುಕೊಟ್ಟವರಿಗೆ ಮಾತ್ರ. ಅವರೂ ಕೂತುಕೊಂಡೇ ಇಟ್ಟುಕೊಳ್ಳಬೇಕು, ನಿಂತು ಇಟ್ಟುಕೊಂಡರೆ ತಲೆ ಸುತ್ತಿ ಬೀಳುತ್ತಾರೆ.

ಈಗ ಬಳೆ ಮಾರುವವರಿಗೆ ಪ್ರತ್ಯೇಕವಾಗಿ ಕೆಲವು ಮಾತು. ನಿಮ್ಮ ಬಳೆಗಳ ಜೊತೆ ನಮ್ಮ ವಾರ್ಡಿಗೆ ದಿನನಿತ್ಯದ ವ್ಯವಹಾರ ಇದೆ. ಆಂಜಿಯೋಗ್ರಾಂ ಈಗ ಹೆಚ್ಚಾಗಿ ಮಣಿಕಟ್ಟಿನ ರಕ್ತನಾಳದಿಂದ ಮಾಡುತ್ತಾರೆ. ಆಮೇಲೆ ಅಲ್ಲಿ ಬಿಗಿಯಾದ ಪಟ್ಟಿ ಕಟ್ಟಿ, ಬೆರಳು ಬೆಚ್ಚಗಿವೆಯೇ, ಬಣ್ಣ ಸರಿಯಿದೆಯೇ, ರಕ್ತ ಜಿನುಗುತ್ತಿದೆಯೇ ಎಂದು ನಾವು ಮತ್ತೆ ಮತ್ತೆ ನೋಡಬೇಕು. ಆ ಕೈಯಲ್ಲಿ ಬಳೆ ಇರುವಂತಿಲ್ಲ, ಕೈ ಊದಿದರೆ ಅಪಾಯ. ಮುತ್ತೈದೆಯ ಕೈಯಿಂದ ಗಾಜಿನ ಬಳೆ ತೆಗೆಯುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. “ಅವರು ಹೊರಗೆ ಕೂತಿದ್ದಾರೆ, ಬಳೆ ತೆಗೀಬೇಡಮ್ಮಾ” ಎಂದು ಅಳುತ್ತಾರೆ. ಒಡೆಯದ ಹಾಗೆ ಸೋಪಿನ ನೀರು ಹಚ್ಚಿ ಜಾರಿಸಿ ತೆಗೆದು, ಬಟ್ಟೆಯಲ್ಲಿ ಸುತ್ತಿ, ಸೊಸೆಯ ಅಥವಾ ಮಗಳ ಕೈಗೆ ಕೊಟ್ಟು, ಇನ್ನೊಂದು ಕೈಯದನ್ನು ಹಾಗೇ ಬಿಟ್ಟಿದ್ದೇವೆ ನೋಡಿ ಎಂದು ತೋರಿಸುತ್ತೇವೆ. ಈ ಕೆಲಸಕ್ಕೆ ಯಾವ ಪಠ್ಯಪುಸ್ತಕದಲ್ಲೂ ಪಾಠ ಇಲ್ಲ, ಆದರೆ ಇದನ್ನು ಒರಟಾಗಿ ಮಾಡಿದ ನರ್ಸಿನ ಮೇಲೆ ರೋಗಿಗೆ ಆಮೇಲೆ ನಂಬಿಕೆಯೇ ಬರುವುದಿಲ್ಲ.

ಇದಕ್ಕಿಂತ ದೊಡ್ಡದು ಸೀಮಂತದ ಬಳೆ. ಐದು, ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಲು ರಾಜ್ಯದ ಎಲ್ಲ ಕಡೆಯಿಂದ ನಿಮ್ಮಲ್ಲಿಗೆ ಬರುತ್ತಾರೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಮ್ಮಿ ಅರ್ಧದಷ್ಟು ಏರಿ, ಏಳೆಂಟನೇ ತಿಂಗಳ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಹೃದಯ ಗಟ್ಟಿಯಿದ್ದರೆ ಅದನ್ನು ನಿಭಾಯಿಸುತ್ತದೆ. ಆದರೆ ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲುನೋವು ಬಂದು ಮದ್ದಿಲ್ಲದೆ ಹೋದ ಹೆಣ್ಣುಮಕ್ಕಳಲ್ಲಿ ಕೆಲವರ ಹೃದಯದ ಕವಾಟ ಒಳಗೊಳಗೇ ಗಾಯಗೊಂಡು ಕಿರಿದಾಗಿರುತ್ತದೆ. ಸಂಧಿವಾತ ಜ್ವರದಿಂದ ಬರುವ ಹೃದ್ರೋಗ ಎಂದರೆ ಇದೇ. ಬಸುರಾಗುವವರೆಗೆ ಏನೂ ಗೊತ್ತಾಗಿರುವುದಿಲ್ಲ. ರಕ್ತ ಏರಿದೊಡನೆ ಕಿರಿದಾದ ಕವಾಟದಲ್ಲಿ ಹಿಡಿಸದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಹುಡುಗಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿ ಎದ್ದು ಕೂರುತ್ತಾಳೆ, ಕೆಮ್ಮಿದರೆ ಕಫದಲ್ಲಿ ರಕ್ತದ ಎಳೆ. ಮನೆಯ ಹಿರಿಯರು “ಬಸುರಿಗೆ ದಮ್ಮು ಸಹಜ, ಗಂಡು ಮಗು ಇರಬೇಕು” ಎಂದುಬಿಡುತ್ತಾರೆ. ಸ್ವಲ್ಪ ದಮ್ಮು ಸಹಜ, ಹೌದು. ಮಲಗಲಾಗದಷ್ಟು ದಮ್ಮು ಸಹಜವಲ್ಲ. ಕೈ ಹಿಡಿದು ಬಳೆ ಏರಿಸುವಾಗ ಹುಡುಗಿ ಕೂತಲ್ಲೇ ಏದುಸಿರು ಬಿಡುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಜೊತೆಗೆ ಬಂದ ಅತ್ತೆಗೋ ತಾಯಿಗೋ ಹೇಳಿ: ನಾಳೆ ಅಲ್ಲ, ಇವತ್ತೇ ತೋರಿಸಿ. ವಿಕ್ಟೋರಿಯಾದ ಪಕ್ಕದಲ್ಲೇ 1935ರಿಂದ ವಾಣಿವಿಲಾಸ ಆಸ್ಪತ್ರೆ ಇದೆ. ಎದೆಗೆ ಸ್ಟೆತಸ್ಕೋಪ್ ಇಟ್ಟು, ಒಂದು ಎಕೋ ಮಾಡಿದರೆ ಗೊತ್ತಾಗುವ ಕಾಯಿಲೆ ಇದು. ಕೆಲವರಿಗೆ ಕಾಲಿನ ರಕ್ತನಾಳದಿಂದ ಬಲೂನು ಕಳಿಸಿ ಕವಾಟ ಬಿಡಿಸಿದರೆ ತಾಯಿ ಮಗು ಇಬ್ಬರೂ ಉಳಿಯುತ್ತಾರೆ.

ಆ ಕಾಯಿಲೆ ಇರುವ ಮಕ್ಕಳಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಬೇಕು, ವರ್ಷಾನುಗಟ್ಟಲೆ. ಬೆನ್ಜಥೀನ್ ಎಂಬ ಮಂದವಾದ ಬಿಳಿ ಔಷಧಿ ಅದು, ಮಾಂಸಕ್ಕೆ ಆಳವಾಗಿ ನಿಧಾನವಾಗಿ ಕೊಡಬೇಕು, ವಿಪರೀತ ನೋಯುತ್ತದೆ. ಮಗು ಅಳುತ್ತದೆ ಎಂದು ಒಂದು ತಿಂಗಳು ತಪ್ಪಿಸುವ ತಾಯಂದಿರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಪ್ರತಿ ಹೊಸ ಜ್ವರವೂ ಕವಾಟದ ಮೇಲೆ ಹೊಸ ಗಾಯ ಮಾಡಬಹುದು. ತಪ್ಪಿಸಬೇಡಿ.

ನಿಮ್ಮ ಪೇಟೆಯ ಗ್ರಂದಿಗೆ ಅಂಗಡಿಗಳ ಬಗ್ಗೆ ನನಗೆ ತಾತ್ಸಾರ ಇಲ್ಲ. ಹೃದಯದ ಔಷಧಿಗಳ ಇತಿಹಾಸದಲ್ಲಿ ಬೇರು ಎಲೆಗಳಿಗೆ ದೊಡ್ಡ ಪಾಲಿದೆ. ಸರ್ಪಗಂಧದ ಬೇರಿನಿಂದ ಬಿ.ಪಿ. ಇಳಿಯುವುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಪ್ರಪಂಚ ಅದರ ಕಡೆ ತಿರುಗಿತು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಡಿಜಾಕ್ಸಿನ್ ಮಾತ್ರೆಯ ಮೂಲವೂ ಒಂದು ಗಿಡವೇ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಆ ಕುಲದ ಗಿಡದ ಬಗ್ಗೆ ಪುಸ್ತಕ ಬರೆದದ್ದು 1785ರಲ್ಲಿ. ನಾವು ಶಿವನಿಗೆ ಏರಿಸುವ ಕಣಗಿಲೆಯಲ್ಲೂ ಅದೇ ಜಾತಿಯ ವಿಷ ಇದೆ, ಆದ್ದರಿಂದಲೇ ಕಣಗಿಲೆ ಬೀಜ ತಿಂದವರು ಬಂದರೆ ನಾವು ಮೊದಲು ಹೃದಯದ ಮಾನಿಟರ್ ಹಚ್ಚುತ್ತೇವೆ. ಗಿಡದಿಂದ ಬಂದದ್ದಾದ್ದರಿಂದ ತೊಂದರೆ ಇಲ್ಲ ಎಂಬ ಮಾತು ಹೃದಯದ ವಿಷಯದಲ್ಲಿ ನಿಲ್ಲುವುದಿಲ್ಲ. ಹೊಳೆಮತ್ತಿ ಚಕ್ಕೆಯ ಕಷಾಯ ಕುಡಿಯುವವರು ಕುಡಿಯುತ್ತಿದ್ದೇವೆಂದು ವೈದ್ಯರಿಗೆ ಹೇಳಿ. ಅದಕ್ಕಾಗಿ ಮಾತ್ರೆ ಬಿಡಬೇಡಿ. ಗ್ರಂದಿಗೆ ಅಂಗಡಿಯ ಯಜಮಾನರು, ‘ಹಾರ್ಟ್ ಮಾತ್ರೆ ನಿಲ್ಲಿಸಬೇಡಿ’ ಎಂಬ ಒಂದು ಮಾತನ್ನು ಪೊಟ್ಟಣದ ಜೊತೆ ಕೊಟ್ಟರೆ ದೊಡ್ಡ ಉಪಕಾರ.

ಮಾತ್ರೆ ನಿಲ್ಲಿಸುವುದೇ ನಮ್ಮನ್ನು ಅತಿ ಹೆಚ್ಚು ನೋಯಿಸುವ ಸಂಗತಿ. ಆಸ್ಪತ್ರೆಯಲ್ಲಿ ನೀವು ಇರುವುದು ಮೂರ್ನಾಲ್ಕು ದಿನ. ಮೊದಲ ಗಂಟೆಯೂ ನಿಮ್ಮ ಕೈಯಲ್ಲಿತ್ತು, ಮುಂದಿನ ವರ್ಷಗಳೂ ನಿಮ್ಮ ಕೈಯಲ್ಲೇ ಇವೆ. ಡಿಸ್ಚಾರ್ಜ್ ದಿನ ಬಿಲ್ಲು, ಆಟೋ, ರಾಹುಕಾಲ ಇವುಗಳ ಗಡಿಬಿಡಿಯಲ್ಲಿ ಸಿಸ್ಟರ್ ಮಾತ್ರೆ ವಿವರಿಸುವ ಹತ್ತು ನಿಮಿಷಕ್ಕೆ ಯಾರೂ ಕಿವಿಗೊಡುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಅನ್ನು ಸಾಮಾನ್ಯವಾಗಿ ಒಂದು ವರ್ಷ ತೆಗೆದುಕೊಳ್ಳಬೇಕಾಗುತ್ತದೆ. ಹಲ್ಲು ಕೀಳಿಸಲು ಹೋದಾಗ, ಒಸಡಿನಲ್ಲಿ ರಕ್ತ ಬಂದಾಗ, ನೀವೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪು ಕೂರಬಹುದು. ಹೃದಯದ ವೈದ್ಯರನ್ನು ಕೇಳಿ ಆಮೇಲೆ ಹಲ್ಲಿನ ಕಡೆ ಹೋಗಿ. ಕೃತಕ ಕವಾಟ ಇರುವವರು ಅಸಿಟ್ರಾಂ ಅಥವಾ ವಾರ್ಫರಿನ್ ನುಂಗುತ್ತಾರೆ. ಐಎನ್‌ಆರ್ ಪರೀಕ್ಷೆ ಸಾಮಾನ್ಯವಾಗಿ 2ರಿಂದ 3.5ರೊಳಗೆ ವೈದ್ಯರು ಹೇಳಿದ ಮಟ್ಟದಲ್ಲಿರಬೇಕು. ಸೊಪ್ಪು ತಿನ್ನಲೇಬಾರದು ಎಂದು ಯಾರೋ ಹೆದರಿಸಿರುತ್ತಾರೆ. ತಿನ್ನಬಹುದು, ಪ್ರತಿ ವಾರ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ. ಒಂದು ವಾರ ಬಸ್ಸಾರು, ಮಸೊಪ್ಪು ದಿನವೂ, ಮುಂದಿನ ವಾರ ಏನೂ ಇಲ್ಲ ಎಂದಾದರೆ ರಕ್ತದ ಲೆಕ್ಕ ತಪ್ಪುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆ ಈ ಔಷಧಿಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಹೃದಯ ಸೋತವರಿಗೆ ಮೈಯಲ್ಲಿ ನೀರು ಕೂಡ ತುಂಬುತ್ತದೆ.

ಡಿಜಾಕ್ಸಿನ್ ಕೊಡುವ ಮುಂಚೆ ನಾವು ಒಂದು ಪೂರ್ತಿ ನಿಮಿಷ ನಾಡಿ ಎಣಿಸುತ್ತೇವೆ, 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ಹೇಳುತ್ತೇವೆ. ಮನೆಯಲ್ಲೂ ಒಬ್ಬರು ಇದನ್ನು ಕಲಿಯಿರಿ. ವಾರಕ್ಕೆ ಐದು ದಿನ ಮಾತ್ರ ಎಂದು ಬರೆದಿದ್ದರೆ ಆ ಎರಡು ದಿನ ಬಿಡುವುದನ್ನೂ ಮರೆಯಬೇಡಿ. ಊಟ ಸೇರದೆ, ವಾಕರಿಕೆ ಬಂದು, ಕಣ್ಣಿಗೆ ಎಲ್ಲ ಹಳದಿಯಾಗಿ ಕಂಡರೆ ಮಾತ್ರೆ ಹೆಚ್ಚಾಗಿರಬಹುದು. ಮೆಟೊಪ್ರೊಲಾಲ್ ಒಮ್ಮೆಲೇ ನಿಲ್ಲಿಸಬೇಡಿ, ಬಡಿತ ತಿರುಗಿ ಏರುತ್ತದೆ. ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ, ಆಮ್ಲೋಡಿಪಿನ್‌ನಿಂದ ಪಾದ ಊದಿದರೆ ಬಿಡುವ ಬದಲು ಬಂದು ಹೇಳಿ, ಬೇರೆ ಮಾತ್ರೆ ಇದೆ.

ಹೃದಯ ಸೋತವರ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಉಪಕರಣ ತೂಕದ ಯಂತ್ರ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ, ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲುಂಗುರ, ಕಾಲ್ಚೈನು ಬಿಗಿಯಾಗುವುದು, ರಾತ್ರಿ ಒಂದು ದಿಂಬು ಸಾಲದೆ ಎರಡು ಮೂರು ಬೇಕಾಗುವುದು, ಇವೂ ಅದನ್ನೇ ಹೇಳುತ್ತವೆ. ನೀರಿನ ಮಾತ್ರೆ ಬೆಳಿಗ್ಗೆಯೇ ನುಂಗಿ, ರಾತ್ರಿ ನುಂಗಿದರೆ ನಿದ್ದೆಗೆಟ್ಟು ಕತ್ತಲಲ್ಲಿ ಬೀಳುತ್ತೀರಿ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ, ಅದರೊಳಗೇ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲ ಸೇರಬೇಕು.

ಎಕೋ ರಿಪೋರ್ಟಿನಲ್ಲಿ ‘ಇ.ಎಫ್. 60’ ಎಂದು ಓದಿ, ನಲವತ್ತು ಪಾಲು ಹೃದಯ ಹಾಳಾಗಿದೆ ಎಂದು ಅತ್ತವರನ್ನು ನೋಡಿದ್ದೇನೆ. ಅದು ಪರೀಕ್ಷೆಯ ಮಾರ್ಕಲ್ಲ. ಎಡಗೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ. 55ರಿಂದ 70 ಇದ್ದರೆ ಚೆನ್ನಾಗಿದೆ ಎಂದೇ ಅರ್ಥ. ನೂರು ಯಾರಿಗೂ ಇರುವುದಿಲ್ಲ. 40ಕ್ಕಿಂತ ಕೆಳಗೆ ಬಂದರೆ ಕಾಳಜಿ ಬೇಕು, ಆಗಲೂ ಔಷಧಿಯಿಂದ ಏರಬಹುದು. ಅರ್ಥವಾಗದ ರಿಪೋರ್ಟನ್ನು ಮನೆಗೆ ಒಯ್ದು ಚಿಂತೆ ಮಾಡುವ ಬದಲು ವಾರ್ಡಿನಲ್ಲೇ ಕೇಳಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ನಮ್ಮ ಹೊರರೋಗಿ ವಿಭಾಗಗಳು ತುಂಬಿ ತುಳುಕಿದವು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಹಾಗೆಯೇ ಸಾಲು. ಹೆದರಿಕೆಯಿಂದ ಬಂದವರಲ್ಲಿ ಎಷ್ಟೋ ಜನಕ್ಕೆ ಬಿ.ಪಿ., ಸಕ್ಕರೆ ಇರುವುದು ಆವತ್ತೇ ಗೊತ್ತಾಯಿತು, ಅದು ಒಳ್ಳೆಯದೇ. ಆದರೆ ಸಾಲು ಕರಗಿದ ಮೇಲೆ ಆ ಮಾತ್ರೆಗಳನ್ನು ಮುಂದುವರಿಸಿದವರು ಬಹಳ ಕಡಿಮೆ.

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಅಲ್ಲ ಎಂಬುದೂ ತಿಳಿದಿರಲಿ. ಹೃದಯಾಘಾತದಲ್ಲಿ ಮನುಷ್ಯ ಮಾತಾಡುತ್ತಿರುತ್ತಾನೆ. ಹೃದಯಸ್ತಂಭನದಲ್ಲಿ ಬಡಿತವೇ ನಿಂತು ಕುಸಿಯುತ್ತಾನೆ, ಉಸಿರು ಇರುವುದಿಲ್ಲ ಅಥವಾ ಗೊರಗೊರ ಎನ್ನುತ್ತದೆ. ಆಗ ಬಾಯಿಗೆ ನೀರು ಹಾಕಬೇಡಿ, ಕೈಗೆ ಕಬ್ಬಿಣದ ಬೀಗದಕೈ ಕೊಡಬೇಡಿ. ಒಬ್ಬರು 108ಕ್ಕೆ ಫೋನ್ ಹಚ್ಚಲಿ. ಇನ್ನೊಬ್ಬರು ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಮೂಳೆಯ ಕೆಳಭಾಗದಲ್ಲಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಳಕೈ ಬಾಗಿಸದೆ, 5ರಿಂದ 6 ಸೆಂಟಿಮೀಟರ್ ಇಳಿಯುವಷ್ಟು ಬಲವಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ, ಒತ್ತುವವರಿಗೆ ಸುಸ್ತಾಗುತ್ತದೆ. ಪಕ್ಕೆಲುಬು ಮುರಿದೀತು ಎಂದು ಹೆದರಬೇಡಿ, ಅದನ್ನು ನಾವು ಸರಿಮಾಡುತ್ತೇವೆ. ತಾಳಕ್ಕೆ ಕೈ ಪಳಗಿದವರು, ಮೃದಂಗ ತಬಲ ಕಟ್ಟುವವರು ನಿಮ್ಮ ಪೇಟೆಯಲ್ಲೇ ಅಂಗಡಿ ಇಟ್ಟುಕೊಂಡಿದ್ದಾರೆ. ಒಂದೇ ಲಯದಲ್ಲಿ ಒತ್ತುವುದನ್ನು ಅವರು ಎಲ್ಲರಿಗಿಂತ ಬೇಗ ಕಲಿಯುತ್ತಾರೆ.

ಕೊನೆಗೆ ಒಂದು ಕೋರಿಕೆ. ನಿಮ್ಮ ವರ್ತಕರ ಸಂಘದವರು ಒಂದು ರಜೆಯ ಬೆಳಿಗ್ಗೆ ಯಾವುದಾದರೂ ಛತ್ರದ ಹಜಾರ ಕೊಡಿಸಿದರೆ, ರಜೆಯಲ್ಲಿರುವ ನಾವು ಕೆಲವು ಸಿಸ್ಟರ್‌ಗಳು ಬರುತ್ತೇವೆ. ಎದೆ ಒತ್ತಲು ಕಲಿಸುವ ಗೊಂಬೆ ತರುವುದು ನಮ್ಮ ಜವಾಬ್ದಾರಿ. ಅಂಗಡಿಗೊಬ್ಬರಾದರೂ ಕಲಿಯಲಿ, ಗಾಡಿ ತಳ್ಳುವವರನ್ನೂ ಕರೆಯಿರಿ, ಅವರ ತೋಳಿನ ಬಲ ಬೇಕು. ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ತನ್ನಿ, ಹಳೆಯವು, ನಿಲ್ಲಿಸಿದವು, ಗ್ರಂದಿಗೆ ಅಂಗಡಿಯ ಪೊಟ್ಟಣ ಎಲ್ಲ. ಒಬ್ಬೊಬ್ಬರದೂ ನೋಡಿ, ಯಾವುದು ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇವೆ. ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಳ್ಳಿ, ದಿನ ಬೆಳಗಾದರೆ ಅದನ್ನು ತೆಗೆಯದೆ ನಿಮಗೆ ನಡೆಯುವುದಿಲ್ಲ.

ಇಂತಿ,
ನಿಮ್ಮ ಹೃದಯದ ವಾರ್ಡಿನ ಸಿಸ್ಟರ್